ನಡುಕೋಣೆಯ ಫ್ಯಾನು

ಏಪ್ರಿಲ್ ೬, ಸೋಮವಾರ

ನಡುಕೋಣೆಯ ಫ್ಯಾನು ಇವತ್ತು ಬೆಳಿಗ್ಗೆ ಪ್ರಾಣ ಬಿಟ್ಟಿತು. ಒಂದು ವಾರದಿಂದ ಗೊರಗೊರ ಅನ್ನುತ್ತಿತ್ತು. ಇವತ್ತು ಸುಟ್ಟ ವಾಸನೆ ಹೊಡೆದು ನಿಂತೇ ಹೋಯಿತು. ಕೆಡುವುದಕ್ಕೆ ಅದಕ್ಕೆ ಬೇರೆ ಸಮಯವೇ ಸಿಗಲಿಲ್ಲ. ಹದಿನೆಂಟಕ್ಕೆ ಮಗಳು ಕೂಸನ್ನು ಎತ್ತಿಕೊಂಡು ಬರುತ್ತಾಳೆ. ಸೆಕೆ ನೋಡಿದರೆ ಹೀಗೆ. ಇರುವುದು ಮೂರು ಕೋಣೆ. ನನ್ನದಕ್ಕೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ, ಮಹಡಿಯದರಲ್ಲಿ ಬಾಮೈದ ಇದ್ದಾನೆ. ಕೂಸಿಗೆ ನಡುಕೋಣೆಯೇ ಗತಿ.

ಬಾಮೈದನ ವಿಷಯ ಇನ್ನು ಬರೆಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಇವತ್ತೂ ನನ್ನ ಬ್ರಷ್ಷಿನಲ್ಲಿ ಹಲ್ಲುಜ್ಜಿದ್ದಾನೆ. ನನ್ನದು ಕೆಂಪು, ಅವನದು ಹಸಿರು. ಎರಡೂ ಒಂದೇ ಲೋಟದಲ್ಲಿರುತ್ತವೆ, ಕಣ್ಣಿದ್ದವರಿಗೆ ಕಾಣುತ್ತವೆ. ಹೇಳಿದರೆ, "ಓ, ಹೌದಾ ಭಾವ" ಅಂದು ಮೆಟ್ಟಿಲು ಹತ್ತಿ ಹೋಗುತ್ತಾನೆ. ಮೂರು ದಿನ ಬಿಟ್ಟು ಮತ್ತೆ ಅದೇ. ಬೇಕೆಂದೇ ಮಾಡುತ್ತಾನೆ. ಇವಳು, ನನ್ನ ಹೆಂಡತಿ, ಬದುಕಿದ್ದಾಗ ಹೀಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಅವನ ಬ್ರಷ್ಷಿಗೆ ಪೇಸ್ಟ್ ಹಚ್ಚಿ ಕೈಗೇ ಕೊಡುತ್ತಿದ್ದಳು. ಕೂದಲು ನರೆತ ಗಂಡಸನ್ನು 'ಮರಿ, ಮರಿ' ಅಂತ ಕರೆದು ತಲೆಗೆ ಹತ್ತಿಸಿಟ್ಟು ಹೋಗಿಬಿಟ್ಟಳು. ಅನುಭವಿಸುವವನು ನಾನು.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಭಾನುವಾರ ನೋಡ್ತೀನಿ" ಅಂದ. ಭಾನುವಾರವನ್ನು ಅವನು ನಿಜವಾಗಿಯೂ ನೋಡುತ್ತಾನೆ, ನನ್ನ ಮನೆಯನ್ನು ನೋಡುತ್ತಾನೋ ಇಲ್ಲವೋ.

ಏಪ್ರಿಲ್ ೭, ಮಂಗಳವಾರ

ನಾನು ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ಪರದೆ ಬಟ್ಟೆಯ ಹೊಸ ಸರಕು ಬಂದಿತ್ತು, ನನಗೆ ಬಿಡುವಿಲ್ಲ. ಬಾಮೈದನ ಬೀಗದ ಅಂಗಡಿಯ ಎದುರಿಗೇ ಫ್ಯಾನಿನ ಅಂಗಡಿ. ಹಾಗಾಗಿ ಬಾಯಿ ಬಿಟ್ಟು ಹೇಳಿದೆ: ಕಂದು ಬಣ್ಣದ್ದು ತಾ, ಗೋಡೆಗೆ ಹೊಂದುತ್ತದೆ. ತಂದಿದ್ದು ಪಾಚಿ ಹಸಿರು. ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದಿದ್ದನ್ನು ಅಂಗಡಿಯವನು ಇವನ ತಲೆಗೆ ಕಟ್ಟಿದ್ದಾನೆ. ಜೊತೆಗೆ ಒಂದು ಚೀಲ ಟೊಮೆಟೊ, ಒಂದೊಂದೂ ಕಲ್ಲಿನ ಹಾಗೆ ಕಾಯಿ.

"ಇದು ಕಂದಾ?" ಅಂದೆ.

"ಅಲ್ವಾ ಭಾವ?"

"ಇದು ಹಣ್ಣಾ?"

ನನಗೆ ಪಿತ್ತ ನೆತ್ತಿಗೇರಿತು. ದಿನವಿಡೀ ಗಿರಾಕಿಗಳಿಗೆ ಕಂದಿಗೂ ಕಾಫಿ ಬಣ್ಣಕ್ಕೂ ವ್ಯತ್ಯಾಸ ತೋರಿಸುವವನು ನಾನು. ನನ್ನ ಮನೆಯಲ್ಲೇ ಹೀಗೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವಳು ಮುದ್ದು ಮಾಡಿ ಕೆಡಿಸಿದಳು ಅಂದೆ, ನನ್ನ ಮೇಲಿನ ಸೇಡಿಗೆ ಹೀಗೆ ಮಾಡುತ್ತೀಯ ಅಂದೆ. ಅವನು ಟೊಮೆಟೊ ಚೀಲವನ್ನು ಅಡುಗೆ ಕಟ್ಟೆಯ ಮೇಲಿಟ್ಟು, ನಿಧಾನವಾಗಿ, "ಒಂದನೇ ತಾರೀಖಿಂದ ಅಂಗಡಿ ಹಿಂದಿನ ಕೋಣೆಗೆ ಹೋಗ್ತೀನಿ ಭಾವ. ಮಾಲೀಕರ ಹತ್ರ ಮಾತಾಡಿ ಆಗಿದೆ" ಅಂದ.

ಹೋಗಲಿ. ನೆಮ್ಮದಿ. ಒಬ್ಬನೇ ಇದ್ದರೆ ಬ್ರಷ್ಷಾದರೂ ನನ್ನದಾಗಿ ಉಳಿಯುತ್ತದೆ.

ಏಪ್ರಿಲ್ ೯, ಗುರುವಾರ

ರಜೆ ಹಾಕಿ ಹಳೆಯ ಫ್ಯಾನು ನಾನೇ ಇಳಿಸಿದೆ. ಮೇನ್ ಆಫ್ ಮಾಡಿದೆ, ಎರಡು ಸಲ ನೋಡಿಕೊಂಡೆ. ಫ್ಯಾನು ಇಳಿಸುವುದು ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಅದರ ಮೇಲಿನ ಬಟ್ಟಲು ತೆಗೆದಾಗ. ಒಳಗಿಂದ ಒಂದು ಹಿಡಿ ತಂತಿ ಹೊರಗೆ ಬಿತ್ತು. ಫ್ಯಾನಿಗೆ ಬೇಕಾದ್ದು ಎರಡು. ಉಳಿದವು ಯಾರ ಮನೆಗೆ ಹೋಗುತ್ತವೋ! ಕೆಲವು ಮಾಸಿದ ಇಟ್ಟಿಗೆ ಕೆಂಪು, ಕೆಲವು ಬಾಡಿದ ಎಲೆ ಹಸಿರು.

ಈ ವೈರಿಂಗ್ ಬಾಮೈದನದೇ. ಮದುವೆಯಾದ ಹೊಸದರಲ್ಲಿ ಅವನು ಯಾವುದೋ ಮೇಸ್ತ್ರಿಯ ಕೈಕೆಳಗೆ ಈ ಕೆಲಸ ಕಲಿಯುತ್ತಿದ್ದ. 'ನನ್ನ ತಮ್ಮ ಇರುವಾಗ ಬೇರೆಯವರು ಯಾಕೆ' ಅಂತ ಇವಳು ಹಠ ಹಿಡಿದಳು. ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಕ್ಕ ತಮ್ಮ ಸೇರಿ ಏನು ಮಾಡಿದರೋ ನಾನು ನೋಡಿದವನಲ್ಲ. ಮುಗಿಯಿತು ಅಂದರು, ದೀಪ ಹತ್ತಿತು, ಅಷ್ಟೇ. ಆಮೇಲೆ ಇವನು ಆ ಕೆಲಸವನ್ನೇ ಬಿಟ್ಟು ಬೀಗ ರಿಪೇರಿಗೆ ಇಳಿದ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನಿಂತಲ್ಲಿ ನಿಲ್ಲದ ಸ್ವಭಾವ ಅಂದುಕೊಂಡಿದ್ದೆ.

ತಂತಿಗಳ ಬಾಯಿಗೆ ಕೊಳಕು ಬೇರೆ. ಕೆಲವಕ್ಕೆ ದಾರದಂಥದ್ದು ಸುತ್ತಿಕೊಂಡು ಮಸಿಯಾಗಿತ್ತು, ಇಲಿ ಎಳೆದು ತಂದಿದ್ದಿರಬೇಕು. ಎಲ್ಲ ಕತ್ತರಿಸಿ, ಒರೆಸಿ, ಗುಡಿಸಿ ಹಾಕಿದೆ. ಯಾವುದು ಯಾವುದಕ್ಕೆ ಸೇರಿತ್ತು ಅಂತ ಗುರುತು ಮಾಡಿಕೊಳ್ಳಲಿಲ್ಲ. ಬಣ್ಣ ಇದೆಯಲ್ಲ, ನನಗೆ ಬಣ್ಣ ಸಾಕು.

ಏಪ್ರಿಲ್ ೧೦, ಶುಕ್ರವಾರ

ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸಿ, ಪಾಚಿ ಫ್ಯಾನು ನೇತುಹಾಕಿ, ಮೇನ್ ಹಾಕಿದೆ. ಢಮ್ ಅಂತು. ಮೀಟರ್ ಪೆಟ್ಟಿಗೆಯಿಂದ ಹೊಗೆ ಬಂತು. ಫ್ಯೂಸ್ ಕಟ್ಟಿ ಮತ್ತೆ ಹಾಕಿದೆ, ಮತ್ತೆ ಢಮ್.

ಈಗ ಅಡುಗೆಮನೆಯಲ್ಲೂ ಕತ್ತಲೆ. ಫ್ಯಾನಿಗೂ ಅಡುಗೆಮನೆಗೂ ಏನು ಸಂಬಂಧ? ಈ ಮನೆಯಲ್ಲಿ ನೇರವಾಗಿ ಹೋಗುವ ಒಂದೇ ಒಂದು ವಸ್ತುವಿಲ್ಲ. ತಂತಿ ಬಿಚ್ಚಿ, ಬಾಯಿಗಳಿಗೆ ಟೇಪ್ ಸುತ್ತಿ, ಮೇಣದಬತ್ತಿ ಹಚ್ಚಿ ಊಟ ಮಾಡಿದೆವು. ಬಾಮೈದ ಒಂದು ಮಾತೂ ಆಡಲಿಲ್ಲ. ಅವನು ರಿಪೇರಿ ಮಾಡುವ ಬೀಗಗಳಿಗೆ ಕೀಲಿಯಾದರೂ ಇರುತ್ತದೆ, ಅವನ ಬಾಯಿಗೆ ಅದೂ ಇಲ್ಲ.

ಏಪ್ರಿಲ್ ೧೨, ಭಾನುವಾರ

ಎಲೆಕ್ಟ್ರಿಷಿಯನ್ ಬಂದ. ನಂಬಲಾಗಲಿಲ್ಲ. ಸ್ಟೂಲು ಹತ್ತಿ, ಟೆಸ್ಟರ್ ಹಿಡಿದು, ಒಂದೊಂದೇ ತಂತಿ ಮುಟ್ಟಿ ನೋಡಿದ. ಆಮೇಲೆ ಕೆಳಗಿಳಿದು ನನ್ನ ಮುಖ ನೋಡಿದ.

"ಇದನ್ನ ಮಾಡಿದ ಮಹಾನುಭಾವರು ಯಾರು ಯಜಮಾನ್ರೇ? ಒಂದು ಹಸಿರಲ್ಲಿ ಕರೆಂಟು ಇದೆ, ಪಕ್ಕದ ಹಸಿರಲ್ಲಿ ಇಲ್ಲ. ಒಂದು ಕೆಂಪಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಯಾವ ಲೆಕ್ಕ ಇದು?"

"ಹುಡುಕಿ ಜೋಡಿಸೋಕೆ ಆಗಲ್ವಾ?"

"ಆಗದೇ ಏನು? ಇವತ್ತು ಜೋಡಿಸಿ ಹೋಗ್ತೀನಿ. ನಾಳೆ ಇನ್ನೊಬ್ಬ ಬಂದು, ಹಸಿರು ತಾನೇ ಅಂತ ಕೈ ಹಾಕ್ತಾನೆ. ಅವನ ಹೆಂಡ್ತಿ ಮಕ್ಕಳಿಗೆ ಯಾರು ಉತ್ತರ ಹೇಳೋದು? ಗೋಡೆ ಒಡೆದು ಎಲ್ಲ ಹೊಸದಾಗಿ ಎಳೆಸಿ. ಹಾಗಾದ್ರೆ ಮಾತ್ರ ಮುಟ್ತೀನಿ. ಅದೂ ತಿಂಗಳ ಕೊನೆಗೆ."

ಕೂಸು ಬರುವಾಗ ಗೋಡೆ ಒಡೆಯಬೇಕಂತೆ! ಮನೆಯೆಲ್ಲ ಸಿಮೆಂಟಿನ ಪುಡಿ! ಕೈ ಮುಗಿದು ಕಳಿಸಿದೆ. ತಿರುಗಿದರೆ ಬಾಮೈದ ಮೆಟ್ಟಿಲ ಮೇಲೆ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನೋಡಿದ್ರಾ ಸಾಹೇಬರ ಕರಾಮತ್ತು, ಅಂದೆ. ಅವನು ಬೇರೆಯದೇ ಕೇಳಿದ.

"ಭಾವ, ತಂತಿಗೆ ದಾರ ಇತ್ತಲ್ಲ?"

"ಇತ್ತು. ಕೊಳಕು. ಕಿತ್ತು ಹಾಕಿದೆ."

"ಎಲ್ಲದನ್ನೂ?"

"ಒಂದನ್ನ ಪೂಜೆಗೆ ಇಟ್ಕೊಳ್ಬೇಕಿತ್ತಾ?"

ಅವನ ಮುಖದ ಬಣ್ಣವೇ ಹಾರಿಹೋಯಿತು. ಎದ್ದು ಮೇಲೆ ಹೋದ, ಊಟಕ್ಕೂ ಇಳಿಯಲಿಲ್ಲ.

ಏಪ್ರಿಲ್ ೧೩, ಸೋಮವಾರ

ಸೆಕೆ. ಮಗಳು ಫೋನ್ ಮಾಡಿ "ಫ್ಯಾನ್ ಆಯ್ತಾ ಅಪ್ಪ?" ಅಂದಳು. ಆಯಿತು ಅಂದೆ. ಸುಳ್ಳು. "ಮಾವ ಹೇಗಿದಾರೆ?" ಅಂದಳು. ಒಂದನೇ ತಾರೀಖಿಗೆ ಹೋಗುತ್ತಾನೆ ಅಂದೆ. "ನೀವಿಬ್ರೂ ಒಂದೊಂದು ಮೂಲೇಲಿ ಕೂತು ಏನು ಸಾಧಿಸ್ತೀರಿ?" ಅಂತ ಕೇಳಿ ಇಟ್ಟುಬಿಟ್ಟಳು. ತಾಯಿಯ ಧ್ವನಿಯೇ.

ಏಪ್ರಿಲ್ ೧೪, ಮಂಗಳವಾರ

ಆ ದಾರದ ಮಾತು ತಲೆಯಿಂದ ಹೋಗಲಿಲ್ಲ. ಮೇನ್ ಆಫ್ ಮಾಡಿ ಅಡುಗೆಮನೆಯ ಸ್ವಿಚ್‌ಬೋರ್ಡ್ ಬಿಚ್ಚಿದೆ. ಅಲ್ಲೂ ದಾರ. ನನ್ನ ಕೋಣೆಯದು ಬಿಚ್ಚಿದೆ. ಅಲ್ಲೂ. ಇಲಿ ಇಷ್ಟು ಶಿಸ್ತಿನಿಂದ ಕೆಲಸ ಮಾಡುವುದಿಲ್ಲ. ಎರಡೂ ಕಡೆ ಕೆಂಪು ತಂತಿಗೆ ಮಾತ್ರ ದಾರ ಕಟ್ಟಿದೆ, ಹಸಿರಿಗೆ ಇಲ್ಲ. ಟಾರ್ಚ್ ಹತ್ತಿರ ಹಿಡಿದು ನೋಡಿದೆ. ಗುಂಡಿ ಹೊಲಿಯುವ ದಪ್ಪ ದಾರ. ಮೂರು ಸುತ್ತು ಸುತ್ತಿ, ಒಳಗೆ ತೂರಿಸಿ, ಎಳೆದು ಕಟ್ಟಿದ ಗಂಟು. ನನ್ನ ಪ್ರತಿಯೊಂದು ಅಂಗಿಯ ಪ್ರತಿಯೊಂದು ಗುಂಡಿಯ ಹಿಂದೆ ಆ ಗಂಟು ಇದೆ. ಇವಳ ಗಂಟು.

ತಂತಿಗೆ ಯಾಕೆ ದಾರ ಕಟ್ಟುತ್ತಾರೆ? ಕೆಂಪು ಅಂತ ಕಣ್ಣಿಗೆ ಕಾಣುವಾಗ ಅದಕ್ಕೊಂದು ದಾರ ಬೇರೆ ಯಾಕೆ? ಬಾಮೈದನನ್ನು ಕೇಳಿದೆ. "ಅಕ್ಕ ಏನೋ ಮಾಡಿರ್ಬೇಕು" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಅವನಿಗೆ ಗೊತ್ತು. ಗೊತ್ತಿದ್ದೂ ಹೇಳುವುದಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ಆ ಗೋಡೆಯೊಳಗೂ ಇವನದೇ ತಂತಿ.

ಏಪ್ರಿಲ್ ೧೫, ಬುಧವಾರ

ಇವತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಸಂಜೆ ಅಂಗಡಿಯಿಂದ ಬರುವಾಗ ಹೊಸ ತಂತಿ ತಂದೆ, ಒಂದು ತುಂಡು ಕೆಂಪು, ಒಂದು ತುಂಡು ಹಸಿರು. ಹಳೆಯ ತಂತಿಗಳ ಬಾಯಿ ಕತ್ತರಿಸಿ ಕತ್ತರಿಸಿ ಗಿಡ್ಡವಾಗಿದ್ದವು, ಉದ್ದ ಮಾಡಬೇಕಿತ್ತು. ನಾನು ಸ್ಟೂಲು ಹತ್ತಿದೆ. ಸ್ಟೂಲಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ. ಹಿಡಿಯಲು ಬಾಮೈದನನ್ನು ಕೂಗಿದೆ. ಬಂದು ಹಿಡಿದುಕೊಂಡ.

"ಮೇಜಿನ ಮೇಲಿದೆ ನೋಡು, ಕೆಂಪು ತಂತಿ ಕೊಡು" ಅಂದೆ.

ಅವನು ಎರಡೂ ತುಂಡು ಕೈಗೆತ್ತಿಕೊಂಡ. ಕೊಡಲಿಲ್ಲ. ನಾನು ಕೈ ಚಾಚಿಕೊಂಡು ಬಗ್ಗಿ ನೋಡಿದೆ. ಅವನು ತಂತಿಗಳನ್ನು ನೋಡುತ್ತಲೇ ಇರಲಿಲ್ಲ. ಹೆಬ್ಬೆರಳಿನಿಂದ ಒಂದರ ತುದಿ ಸವರಿದ, ಇನ್ನೊಂದರ ತುದಿ ಸವರಿದ, ಮತ್ತೆ ಮೊದಲಿನದನ್ನು ಸವರಿದ. ಕತ್ತಲಲ್ಲಿ ಬೀಗದ ಕಿಂಡಿ ಹುಡುಕುವವನ ಹಾಗೆ. ಆಮೇಲೆ ಒಂದನ್ನು ಮೇಲೆತ್ತಿ ಕೊಟ್ಟ.

ಹಸಿರು.

ಬಯ್ಯಲು ಬಾಯಿ ತೆರೆದವನು ಹಾಗೇ ನಿಂತೆ. ಬ್ರಷ್ಷು, ಟೊಮೆಟೊ, ಪಾಚಿ ಫ್ಯಾನು ಎಲ್ಲ ಒಟ್ಟಿಗೆ ತಲೆಗೆ ಹೊಳೆದವು. ನಿಧಾನವಾಗಿ ಕೆಳಗಿಳಿದೆ.

"ಇದು ಯಾವ ಬಣ್ಣ?"

ಅವನು ಉಳಿದ ತುಂಡನ್ನು ಮೇಜಿನ ಮೇಲಿಡಲು ತಿರುಗಿದ.

"ನಿನ್ನನ್ನೇ ಕೇಳಿದ್ದು. ಯಾವ ಬಣ್ಣ?"

"ನನಗೆ ಎರಡೂ ಒಂದೇ ಭಾವ" ಅಂದ. "ಒಣಗಿದ ಮಣ್ಣಿನ ಥರ. ಚಿಕ್ಕಂದಿನಿಂದ್ಲೂ ಹಾಗೇ."

ನಾನು ಸ್ಟೂಲಿನ ಮೇಲೆ ಕೂತೆ, ಅವನು ನೆಲದ ಮೇಲೆ. ಇಷ್ಟು ವರ್ಷದಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿಲ್ಲ. ಮೇಸ್ತ್ರಿ ಒಂದು ದಿನ ಹಸಿರು ತಂತಿ ಕೊಡು ಅಂದರಂತೆ, ಇವನು ಕೆಂಪು ಕೊಟ್ಟನಂತೆ. ಮೇಸ್ತ್ರಿ ನೋಡಿಕೊಂಡಿದ್ದರಿಂದ ಉಳಿದರು. ಅವತ್ತು ಅಕ್ಕನ ಹತ್ತಿರ ಬಂದು ಅತ್ತನಂತೆ. ಆಗ ಇವಳು, ನಮ್ಮ ಮನೆ ಒಂದನ್ನು ಮಾಡಿ ಮುಗಿಸು, ಕಲಿತದ್ದಕ್ಕೆ ಒಂದು ಗುರುತಾದರೂ ಇರಲಿ, ಅಂದಳಂತೆ. ತಾನೇ ಕೆಳಗೆ ನಿಂತು ಪ್ರತಿಯೊಂದು ಕೆಂಪು ತಂತಿಯ ಎರಡೂ ತುದಿಗೆ ದಾರ ಕಟ್ಟಿ ಕೊಡುತ್ತಿದ್ದಳು. ದಾರ ಇದ್ದದ್ದರಲ್ಲಿ ಕರೆಂಟು, ಇಲ್ಲದ್ದರಲ್ಲಿ ಇಲ್ಲ. ಬೆರಳಿಗೆ ತಿಳಿದರೆ ಸಾಕು, ಕಣ್ಣು ಬೇಡ.

"ಮತ್ತೆ ಈ ಕೋಣೆ?" ಅಂದೆ. "ಇದೊಂದರಲ್ಲಿ ಯಾಕೆ ಹೀಗೆ ಕಲಸಿದೀಯ?"

"ಈ ಕೋಣೆ ಹೊತ್ತಿಗೆ ಅಕ್ಕನಿಗೆ ನೋವು ಬಂತು. ನೀವೇ ಆಸ್ಪತ್ರೆಗೆ ಕರ್ಕೊಂಡು ಹೋದ್ರಿ. ಕೂಸು ಬರೋದ್ರೊಳಗೆ ಕೋಣೆ ಸಿದ್ಧ ಇರ್ಲಿ ಅಂತ ನಾನೊಬ್ಬನೇ ಎಳೆದೆ. ಅಕ್ಕ ವಾಪಸ್ ಬಂದು ನೋಡಿದ್ರೆ ಎಲ್ಲ ತಲೆಕೆಳಗು. ಗಾರೆ ಬೇರೆ ಆಗಿಹೋಗಿತ್ತು. ಆಮೇಲೆ ಬಲ್ಬ್ ಹಿಡಿದು ಒಂದೊಂದೇ ಹುಡುಕಿ, ಕರೆಂಟು ಇದ್ದದ್ದಕ್ಕೆ ಅಕ್ಕ ದಾರ ಕಟ್ಟಿದ್ಲು. ಕೂಸನ್ನ ತೊಡೆ ಮೇಲೆ ಹಾಕ್ಕೊಂಡೇ ಕಟ್ಟಿದ್ಲು."

"ನನಗೆ ಯಾಕೆ ಹೇಳಲಿಲ್ಲ?"

"ನಾನೇ ಅಕ್ಕನ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ನೀವು ಬಟ್ಟೆ ಅಂಗಡಿಯವ್ರು ಭಾವ, ಬಾಯಿ ತೆಗೆದ್ರೆ ಬಣ್ಣದ್ದೇ ಮಾತು. ನಿಮ್ಮ ಮುಂದೆ ಹೇಗೆ ಹೇಳ್ಲಿ?"

ಆಮೇಲೆ ತಾನಾಗಿಯೇ ಅಂದ, "ಅದಕ್ಕೇ ಬೀಗಕ್ಕೆ ಹೋದೆ. ಬೀಗಕ್ಕೆ ಬಣ್ಣ ಇಲ್ವಲ್ಲ."

ಏಪ್ರಿಲ್ ೧೬, ಗುರುವಾರ

ಅಂಗಡಿಯಲ್ಲಿ ಇಡೀ ದಿನ ಸಿಡುಕಿದೆ. ಗಿರಾಕಿಯೊಬ್ಬರು, ಈ ನೀಲಿಗೂ ಆ ನೀಲಿಗೂ ಏನು ವ್ಯತ್ಯಾಸ, ಅಂದರು. ಏನೂ ಇಲ್ಲ, ಯಾವುದಾದರೂ ತಗೊಳ್ಳಿ, ಅಂದುಬಿಟ್ಟೆ. ಮಾಲೀಕರು ದುರುಗುಟ್ಟಿ ನೋಡಿದರು.

ಸಿಟ್ಟು ಇವಳ ಮೇಲೆ. ಒಂದೇ ಸೂರಿನಡಿ, ಒಂದೇ ಮನೆಯ ಉಪ್ಪು ತಿಂದುಕೊಂಡು ಇಷ್ಟು ವರ್ಷ ಇದ್ದು, ನನಗೆ ಒಂದು ಮಾತು ಹೇಳಲಿಲ್ಲ. ಕೈಗೆ ಪೇಸ್ಟ್ ಹಚ್ಚಿದ ಬ್ರಷ್ ಕೊಟ್ಟಳು, ಅವನ ಜೊತೆ ತಾನೇ ತರಕಾರಿಗೆ ಹೋದಳು, ಅವನ ಬಟ್ಟೆಗಳನ್ನು ಜೋಡಿ ಮಾಡಿ ಇಟ್ಟಳು. ನಾನು ಅದನ್ನೆಲ್ಲ ಮುದ್ದು ಅಂದುಕೊಂಡೆ, ಅವಳು ಅನ್ನಿಸಿಕೊಂಡಳು. ಹೋಗುವಾಗಲಾದರೂ ಹೇಳಬಹುದಿತ್ತು. ಅವಳು ಈ ಮನೆಯ ಗೋಡೆಗಳ ಒಳಗೆ ಗಂಟು ಹಾಕಿಟ್ಟು ಹೋಗಿದ್ದಳು. ನಾನು ಕತ್ತರಿ ತಗೊಂಡು ಅದನ್ನೇ ಕೊಳಕು ಅಂತ ಕಸಕ್ಕೆ ಹಾಕಿದೆ. ತುಂಬ ನೋವಾಗುತ್ತಿದೆ. ಬರೆದರೂ ಕಡಿಮೆಯಾಗುತ್ತಿಲ್ಲ.

ಏಪ್ರಿಲ್ ೧೭, ಶುಕ್ರವಾರ

ಕೆಲಸ ಆಯಿತು. ಮರಿ ಮೇಲೆ, ನಾನು ಕೆಳಗೆ.

ಇವಳ ದಾರದ ಡಬ್ಬಿ ಹುಡುಕಿ ತೆಗೆದೆ. ಹೊಲಿಗೆ ಮೆಷಿನ್ನಿನ ಕೆಳಗೇ ಇತ್ತು, ಗುಂಡಿ ದಾರ ಇನ್ನೂ ಅರ್ಧ ಉಂಡೆ ಉಳಿದಿತ್ತು. ಅವನು ಬಲ್ಬ್ ಹಿಡಿದು ತಂತಿ ಪರೀಕ್ಷೆ ಮಾಡುವುದು, ಬಲ್ಬ್ ಹತ್ತಿದರೆ ನಾನು ಹೋಗಿ ಮೇನ್ ಆಫ್ ಮಾಡುವುದು, ಬಂದು ಆ ತಂತಿಗೆ ದಾರ ಕಟ್ಟುವುದು, ಮತ್ತೆ ಹೋಗಿ ಮೇನ್ ಹಾಕುವುದು. ಮೀಟರ್ ಪೆಟ್ಟಿಗೆಗೂ ಸ್ಟೂಲಿಗೂ ನಡುವೆ ಓಡಾಡಿ ಮೊಣಕಾಲು ಪದ ಹಾಡಿತು. ನನ್ನ ಗಂಟು ಎರಡು ಸಲ ಜಾರಿತು.

"ಒಳಗೆ ತೂರಿಸಿ ಎಳೀಬೇಕು ಭಾವ" ಅಂತ ಮೇಲಿಂದ ಉಪದೇಶ ಬೇರೆ.

"ನನಗೆ ಗೊತ್ತು. ನೀನು ತಲೆ ನೆಟ್ಟಗಿಟ್ಕೊಂಡು ನಿಂತ್ಕೋ" ಅಂದೆ.

ಎಲೆಕ್ಟ್ರಿಷಿಯನ್ ಹೇಳಿದ್ದು ಸುಳ್ಳಲ್ಲ; ನಾಳೆ ಬೇರೆಯವರು ಬಿಚ್ಚಿದರೆ ಅಪಾಯ. ಅದಕ್ಕೆ ದಾರದ ಜೊತೆಗೆ ಕರೆಂಟು ಇರುವ ಹಸಿರು ತಂತಿಗಳ ಬಾಯಿಗೆ ಕೆಂಪು ಟೇಪೂ ಸುತ್ತಿದೆವು, ಕರೆಂಟು ಇಲ್ಲದ ಕೆಂಪಿಗೆ ಹಸಿರು. ಟೇಪ್ ಆರಿಸಿ ಕೊಟ್ಟಿದ್ದು ನಾನು. ಕೂಸು ಸ್ವಲ್ಪ ದೊಡ್ಡದಾದ ಮೇಲೆ ಗೋಡೆ ಒಡೆಸಿದರಾಯಿತು.

ಸ್ವಿಚ್ ಹಾಕಿದೆ. ಪಾಚಿ ಫ್ಯಾನು ಒಂದು ಸಲ ತೊನೆದು ತಿರುಗಿತು. ಅಡುಗೆಮನೆಯ ದೀಪವೂ ಹತ್ತಿತು. ಮರಿ ಸ್ಟೂಲಿನ ಮೇಲೆಯೇ ನಿಂತು, ತಲೆ ಎತ್ತಿ ನೋಡುತ್ತಾ ಇದ್ದ. ಇಳಿಯೋ, ರೆಕ್ಕೆ ಬಡಿದೀತು, ಅಂತ ನಾನೇ ಕೂಗಿ ಇಳಿಸಿದೆ.

ಏಪ್ರಿಲ್ ೧೮, ಶನಿವಾರ

ಬಂದರು. ಕೂಸು ಅಳುತ್ತದೆ, ಮಲಗುತ್ತದೆ, ಅಳುತ್ತದೆ. ಮಗಳು ಫ್ಯಾನು ನೋಡಿ, "ಇದೇನಪ್ಪ ಬಣ್ಣ? ನೀವು ಒಪ್ಪಿದ್ರಾ?" ಅಂದಳು. ಈಗ ಇದೇ ಫ್ಯಾಷನ್ ಅಂದೆ. ಮರಿ ನನ್ನ ಕಡೆ ನೋಡಿ ಬೇರೆ ಕಡೆ ತಿರುಗಿದ.

ಏಪ್ರಿಲ್ ೨೫, ಶನಿವಾರ

ಬರೆಯಲು ಪುರುಸೊತ್ತಿಲ್ಲ. ಇವತ್ತು ಮರಿಯ ಜೊತೆ ತರಕಾರಿಗೆ ಹೋಗಿದ್ದೆ. ಟೊಮೆಟೊ ನಾನು ಆರಿಸಿದೆ. ಬದನೆಕಾಯಿ ಅವನು, ಹಿಚುಕಿ ನೋಡಿ ಆರಿಸಿದ. ನಾನು ಆರಿಸುವುದಕ್ಕಿಂತ ಚೆನ್ನಾಗಿದ್ದವು, ಅದೂ ಒಂದು ಕಿರಿಕಿರಿ.

ಏಪ್ರಿಲ್ ೩೦, ಗುರುವಾರ

ಬೆಳಿಗ್ಗೆ ಎದ್ದು ನೋಡಿದರೆ ಅವನ ಪೆಟ್ಟಿಗೆ ಮೆಟ್ಟಿಲ ಮೇಲೆ. ನಾಳೆ ಒಂದನೇ ತಾರೀಖು. ಆ ಕೋಣೆಯ ಮಾಲೀಕರಿಗೆ ಮಾತು ಕೊಟ್ಟಿದ್ದಾನಂತೆ. ಹಠಮಾರಿ. ಹೋಗಬೇಡ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಬೇಕು ಅಂತ ಎರಡು ಸಲ ಮೆಟ್ಟಿಲ ತನಕ ಹೋಗಿ, ಪೆಟ್ಟಿಗೆಗೆ ಕಾಲು ತಾಗಿಸಿಕೊಂಡು ವಾಪಸ್ ಬಂದೆ. ಬೆರಳು ಊದಿದೆ.

ಅವನು ಬಚ್ಚಲಿಗೆ ಹೋದ. ಬ್ರಷ್ ತೆಗೆದುಕೊಳ್ಳಲು. ನಾನು ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆ. ಲೋಟಕ್ಕೆ ಕೈ ಹಾಕಿದವನು ಅಲ್ಲೇ ನಿಂತ. ಹೆಬ್ಬೆರಳಿನಿಂದ ಒಂದು ಬ್ರಷ್ಷಿನ ಹಿಡಿಕೆ ಸವರಿದ. ಅದರಲ್ಲಿ ದಾರ ಇತ್ತು, ನಿನ್ನೆ ಸಂಜೆ ನಾನು ಕಟ್ಟಿದ್ದು. ಮೂರು ಸುತ್ತು, ಒಳಗೆ ತೂರಿಸಿ ಎಳೆದ ಗಂಟು. ಈ ಸಲ ಜಾರಿರಲಿಲ್ಲ.

"ಭಾವ" ಅಂದ, ಈ ಕಡೆ ತಿರುಗದೆ. "ದಾರ ಇರೋದು ಕೆಂಪು."

"ಹೌದು. ನನ್ನದು. ಮುಟ್ಟಬೇಡ."

ಅವನು ಇನ್ನೊಂದನ್ನು ಎತ್ತಿಕೊಂಡ. ಮೊದಲ ಸಲ ತಿಳಿದೇ ಸರಿಯಾದದ್ದನ್ನು ಎತ್ತಿಕೊಂಡಿದ್ದ. ಅದನ್ನು ಕೈಯಲ್ಲಿ ಹಿಡಿದು ಎಲ್ಲಿಡಬೇಕು ಅಂತ ತಿಳಿಯದವನ ಹಾಗೆ ನಿಂತಿದ್ದ.

"ಯಾವುದು ಯಾರದು ಅಂತ ಗೊತ್ತಾಯ್ತಲ್ಲ ಮರಿ" ಅಂದೆ. "ಅಲ್ಲೇ ಇಡು."

ಇಟ್ಟ.

ಪೆಟ್ಟಿಗೆ ಇನ್ನೂ ಮೆಟ್ಟಿಲ ಮೇಲೆಯೇ ಇದೆ, ಹೋಗುವವರಿಗೆ ಬರುವವರಿಗೆಲ್ಲ ಅಡ್ಡ. ಭಾರ ಇದೆ, ಒಬ್ಬರಿಂದ ಆಗುವುದಿಲ್ಲ. ನಾಳೆ ಇಬ್ಬರೂ ಹಿಡಿದು ಮತ್ತೆ ಮಹಡಿಗೆ ಹತ್ತಿಸಬೇಕು.